ದಲ್ಲಾಳಿ: ದಾರಿ ತೋರಿಸುವವನ ಹೆಸರು

ಕನ್ನಡ ಪತ್ರಿಕೆಗಳಲ್ಲಿ ‘ದಲ್ಲಾಳಿ’ ಎಂಬ ಪದ ಒಂಟಿಯಾಗಿ ಕಾಣಿಸಿಕೊಳ್ಳುವುದು ಅಪರೂಪ. ಅದರ ಬೆನ್ನಿಗೇ ‘ಹಾವಳಿ’ ಬರುತ್ತದೆ, ಇಲ್ಲವೇ ‘ಕಾಟ’. ತಾಲ್ಲೂಕು ಕಚೇರಿಯ ಮುಂದೆ ದಲ್ಲಾಳಿಗಳ ಹಾವಳಿ, ಸಂತೆಯಲ್ಲಿ ದಲ್ಲಾಳಿಗಳ ಕಾಟ, ಈರುಳ್ಳಿಗೆ ಬೆಲೆ ಬಂದರೂ ಲಾಭವೆಲ್ಲ ದಲ್ಲಾಳಿಯ ಜೇಬಿಗೆ. ಅದೇ ಪತ್ರಿಕೆಯ ವಾಣಿಜ್ಯ ಪುಟ ತೆರೆದರೆ ಅದೇ ಪದ ಸ್ವಲ್ಪ ಮೈ ಇಳಿಸಿಕೊಂಡು, ದೇಶದ ಇಡೀ ಹಣಕಾಸು ಲೋಕದ ಹೆಸರಾಗಿ ನಿಂತಿರುತ್ತದೆ. ದಲಾಲ್ ಸ್ಟ್ರೀಟ್ ಚೇತರಿಸಿಕೊಂಡಿತು, ದಲಾಲ್ ಸ್ಟ್ರೀಟ್ ಕಂಗೆಟ್ಟಿತು, ದಲಾಲ್ ಸ್ಟ್ರೀಟ್ ಬಜೆಟ್ಟಿಗೆ ಕಾಯುತ್ತಿದೆ.

ಆ ಬೀದಿ ಇರುವ ಮುಂಬೈಯನ್ನು ಕಟ್ಟಿದವರು ಯಾರೆಂದು ಕೇಳಿದರೆ ಹಡಗು ಕಟ್ಟಿದ ವಾಡಿಯಾಗಳ ಹೆಸರು ಬರುತ್ತದೆ, ಚೀನಾಕ್ಕೆ ಅಫೀಮು-ಹತ್ತಿ ಸಾಗಿಸಿದ ಜಮ್ಶೆಟ್‌ಜೀ ಜೀಜೀಭಾಯ್ ಬರುತ್ತಾರೆ, ಗಿರಣಿ ಮಾಲೀಕರು, ಗವರ್ನರುಗಳು ಬರುತ್ತಾರೆ. ಆದರೆ ಆ ಬಂದರು ನಗರದ ದುಡ್ಡಿನ ಬೀದಿಗೆ ಇವರಲ್ಲಿ ಒಬ್ಬರ ಹೆಸರೂ ನಿಲ್ಲಲಿಲ್ಲ. ನಿಂತದ್ದು ಸ್ವಂತ ಹಡಗಾಗಲಿ ಸ್ವಂತ ಸರಕಾಗಲಿ ಇಲ್ಲದ, ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಮಾತು ಕುದುರಿಸುವವನ ಹೆಸರು. ಇದು ಆಕಸ್ಮಿಕವಲ್ಲ ಎಂಬುದು ನನ್ನ ನಂಬಿಕೆ. ಈ ಪದ ಕಡಲು ದಾಟಿ ಬಂದ ಹಾದಿಯನ್ನು ಹಿಡಿದು ನಡೆದರೆ ಬಂದರು ಹೇಗೆ ಬ್ಯಾಂಕುಗಳ ಬೀದಿಯಾಗುತ್ತದೆ ಎಂಬುದೂ, ಪದ ಎಲ್ಲಿ ಕೆಟ್ಟಿತು ಎಂಬುದೂ ಕಾಣುತ್ತದೆ.

ಪದ ಅರಬಿಯದು. ದ, ಲ, ಲ ಎಂಬ ಮೂರು ವ್ಯಂಜನಗಳ ಧಾತುವಿಗೆ ‘ತೋರಿಸು, ದಾರಿ ಹೇಳು’ ಎಂದು ಅರ್ಥ. ಇದೇ ಧಾತುವಿನಿಂದ ಹುಟ್ಟಿದ ‘ದಲೀಲ್’ ಎಂದರೆ ಸಾಕ್ಷ್ಯ. ಉರ್ದು, ಹಿಂದಿಗಳ ನ್ಯಾಯಾಲಯದಲ್ಲಿ ವಕೀಲರು ಮಂಡಿಸುವ ದಲೀಲು ಇದೇ. ಸತ್ಯದ ಕಡೆಗೆ ದಾರಿ ತೋರಿಸುವುದು ದಲೀಲ್, ಸರಕಿನ ಕಡೆಗೆ ದಾರಿ ತೋರಿಸುವವನು ದಲ್ಲಾಲ್. ಅರಬಿಯಲ್ಲಿ ನಡುವಿನ ವ್ಯಂಜನವನ್ನು ಇಮ್ಮಡಿಸಿ, ಮುಂದಿನ ಸ್ವರವನ್ನು ಎಳೆದರೆ ಒಂದು ಕಸುಬಿನವನ ಹೆಸರು ಆಗುತ್ತದೆ. ಹೊರುವವನು ಹಮ್ಮಾಲ್, ನಾಣ್ಯ ಬದಲಿಸಿ ಕೊಡುವವನು ಸರ್ರಾಫ್, ತೋರಿಸುವವನು ದಲ್ಲಾಲ್. ಮೂವರೂ ಒಂದೇ ಅಚ್ಚಿನಲ್ಲಿ ಎರಕಗೊಂಡವರು, ಮೂವರೂ ಕನ್ನಡಕ್ಕೆ ಬಂದು ನೆಲೆಸಿದವರು. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಇಂದಿಗೂ ಹಮಾಲರಿಲ್ಲದೆ ಚೀಲ ಕದಲುವುದಿಲ್ಲ. ಸರಾಫರ ಅಂಗಡಿಗೆ ಹೋಗದೆ ಉತ್ತರ ಕರ್ನಾಟಕದ ಮದುವೆ ನಡೆಯುವುದಿಲ್ಲ. ಒಂದು ಬಂದರು ಬದುಕಬೇಕಾದರೆ ಬೇಕಾದ ಮೂವರು ಇವರೇ. ಹಡಗಿನಿಂದ ಸರಕು ಇಳಿಸುವವನು, ಪರದೇಶದ ನಾಣ್ಯವನ್ನು ತೂಗಿ ಉಜ್ಜಿ ಬೆಲೆ ಕಟ್ಟುವವನು, ಕೊಳ್ಳುವವನ ಬಾಗಿಲಿಗೆ ಕರೆದೊಯ್ಯುವವನು.

ಮೂರನೆಯವನು ಯಾಕೆ ಬೇಕಾಗಿತ್ತು ಎಂಬುದು ಗಾಳಿಯನ್ನು ನೆನೆದರೆ ತಿಳಿಯುತ್ತದೆ. ಹಾಯಿ ಹಡಗಿನ ಕಾಲದಲ್ಲಿ ಏಡನ್ನಿನಿಂದ ಪಡುವಣ ಕರಾವಳಿಗೆ ಬರುವವರು ನೈಋತ್ಯ ಮಾರುತದ ಬಾಲ ಹಿಡಿದು ಬರಬೇಕು, ಈಶಾನ್ಯದ ಗಾಳಿ ಬೀಸುವ ತಿಂಗಳುಗಳಲ್ಲಿ ಮರಳಬೇಕು. ಆ ನಡುವಿನ ಕೆಲವೇ ವಾರಗಳಲ್ಲಿ ತಂದದ್ದೆಲ್ಲ ಮಾರಾಟವಾಗಬೇಕು, ಒಯ್ಯಬೇಕಾದದ್ದೆಲ್ಲ ಕೈಸೇರಬೇಕು. ಬಂದವನಿಗೆ ಊರಿನ ಭಾಷೆ ತಿಳಿಯದು. ಈ ಬಂದರಿನ ಮಣ ಆ ಬಂದರಿನ ಮಣವಲ್ಲ. ಯಾವ ಸೆಟ್ಟಿಯ ಮಾತು ನಿಲ್ಲುತ್ತದೆ, ಯಾರು ಹಿಂದಿನ ವರ್ಷ ಸಾಲ ಮುಳುಗಿಸಿದ, ಮೆಣಸಿನ ಚೀಲದಲ್ಲಿ ಎಷ್ಟು ಕಲ್ಲು ಎಂಬುದು ಇದ್ದವರಿಗಷ್ಟೇ ಗೊತ್ತು. ಆ ತಿಳಿವಳಿಕೆಯನ್ನು ಮಾರುವವನೇ ದಲ್ಲಾಲ್. ಅವನ ಬಂಡವಾಳ ಅವನ ತಲೆಯೊಳಗೆ, ಅವನ ಮರ್ಯಾದೆ ನಾಲಗೆಯ ಮೇಲೆ.

ಕೈರೋ ನಗರದ ಹಳೆಯ ಸಿನಗಾಗ್‌ನ ಕೋಣೆಯೊಂದರಲ್ಲಿ ಉಳಿದುಬಂದ ಕಾಗದಗಳ ರಾಶಿಯಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಿಗಳ ಓಲೆಗಳು ನೂರಾರಿವೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಸಿಯಾದಿಂದ ಬಂದು ನಮ್ಮ ಮಂಗಳೂರಿನಲ್ಲಿ ಹತ್ತಿರ ಹತ್ತಿರ ಎರಡು ದಶಕ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಪತ್ರಗಳೂ ಅದರಲ್ಲಿವೆ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಇಲ್ಲಿನ ಆಳಿನ ಹೆಸರನ್ನು ಬೊಮ್ಮ ಎಂದು ವಿದ್ವಾಂಸರು ಓದಿದ್ದಾರೆ. ಆ ಕೈರೋ ಲೋಕದಲ್ಲಿ ಮಧ್ಯಸ್ಥನಿಗೆ ಎರಡು ಹೆಸರುಗಳಿದ್ದವು. ಸಗಟು ವ್ಯಾಪಾರ ಕುದುರಿಸುವವನು ಸಿಮ್‌ಸಾರ್. ಸರಕು ಹಿಡಿದು ಬೀದಿಯಲ್ಲಿ ಬೆಲೆ ಕೂಗುವವನು ದಲ್ಲಾಲ್. ಸಿಮ್‌ಸಾರ್ ಪಡುವಲಿಗೆ ಹೋಗಿ ಇಟಲಿಯಲ್ಲಿ ‘ಸೆನ್ಸಾಲೆ’ ಆಯಿತು. ದಲ್ಲಾಲ್ ಮೂಡಲಿಗೆ ಬಂತು, ನಮ್ಮ ಕಡೆಗೆ. ಹತ್ತೊಂಬತ್ತನೆಯ ಶತಮಾನದ ಕೈರೋದಲ್ಲೂ ದಲ್ಲಾಲರು ಬಟ್ಟೆ, ಕತ್ತಿ, ತಾಮ್ರದ ಪಾತ್ರೆಗಳನ್ನು ಕೈಯಲ್ಲಿ ಹಿಡಿದು ಬಜಾರಿನುದ್ದಕ್ಕೂ ಬೆಲೆ ಕೂಗುತ್ತ ನಡೆಯುತ್ತಿದ್ದುದನ್ನು ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ ಕಂಡು ಬರೆದಿದ್ದಾನೆ. ಹಾಗೆ ಕೂಗಿ ಮಾರುವುದಕ್ಕೆ ಅರಬಿಯಲ್ಲಿ ‘ಹರಾಜ್’ ಎಂದು ಹೆಸರು. ಬ್ಯಾಂಕು ಮನೆ ಹರಾಜು ಹಾಕಿತು ಎನ್ನುವಾಗ ನಾವು ಬಳಸುವ ಹರಾಜು ಅದೇ. ಕೂಗುವವನ ಹೆಸರೂ ಕೂಗಿನ ಹೆಸರೂ ಒಂದೇ ಲೋಕದಿಂದ ಕನ್ನಡಕ್ಕೆ ಬಂದವು.

ಪಡುವಣ ಕರಾವಳಿಯಲ್ಲಿ ಈ ಪದ ಯಾವಾಗಿನಿಂದ ಓಡಾಡುತ್ತಿತ್ತು? ಹದಿನಾರನೆಯ ಶತಮಾನದ ಆರಂಭದಲ್ಲಿ ಹೊನ್ನಾವರ, ಮಂಗಳೂರು, ವಿಜಯನಗರಗಳನ್ನು ನೋಡಿಕೊಂಡು ಕಲ್ಲಿಕೋಟೆಗೆ ಹೋದ ಇಟಲಿಯ ಲುದೊವಿಕೊ ವಾರ್ತೆಮಾ ಬರೆದ ಪ್ರವಾಸ ಕಥನ 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಕಲ್ಲಿಕೋಟೆಯಲ್ಲಿ ಸಗಟು ವ್ಯಾಪಾರವೆಲ್ಲ ಮಧ್ಯಸ್ಥನ ಮೂಲಕವೇ ಎಂದು ಹೇಳುವಾಗ ಅವನು ಆ ಮಧ್ಯಸ್ಥನಿಗೆ ‘ಲೆಲ್ಲಾ’ ಎಂದೊಂದು ಹೆಸರು ಕೊಡುತ್ತಾನೆ. ಇದು ಅವನ ಕಿವಿಗೆ ಬಿದ್ದ ದಲ್ಲಾಲ್ ಇರಬೇಕು. ವಾರ್ತೆಮಾ ಕಂಡ ವ್ಯವಹಾರದ ಬಗೆ ಹೀಗಿತ್ತು: ಕೊಳ್ಳುವವನೂ ಮಾರುವವನೂ ಬಾಯಿ ಬಿಡುವುದಿಲ್ಲ. ದಲ್ಲಾಲ್ ಒಂದು ಬಟ್ಟೆ ಹರವುತ್ತಾನೆ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಅತ್ತಿಂದ ಇತ್ತ, ಇತ್ತಿಂದ ಅತ್ತ.

ನೂರೈವತ್ತು ವರ್ಷಗಳ ಮೇಲೆ ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೆ ರಾವಲ್‌ಕೊಂಡದ ವಜ್ರದ ಗಣಿಯಲ್ಲಿ ಇದೇ ಬೆರಳುಭಾಷೆಯನ್ನು ಕಂಡು ಅದರ ವ್ಯಾಕರಣವನ್ನೇ ಬರೆದಿಟ್ಟ. ಇಡೀ ಕೈ ಹಿಡಿದರೆ ಸಾವಿರ. ಐದು ಬೆರಳು ಹಿಡಿದರೆ ಐನೂರು, ಒಂದು ಬೆರಳಿಗೆ ನೂರು. ಬೆರಳ ನಡುಗೆಣ್ಣಿನವರೆಗೆ ಹಿಡಿದರೆ ಐವತ್ತು, ತುದಿಯ ಗೆಣ್ಣಿಗೆ ಹತ್ತು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗಷ್ಟೇ ತಿಳಿಯುತ್ತದೆ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಹೋರಿಯ ಹಲ್ಲು ನೋಡಿ, ಸುಳಿ ನೋಡಿ, ಬೆನ್ನು ತಟ್ಟಿದ ಮೇಲೆ ದಲ್ಲಾಳಿ ಹೆಗಲ ಟವೆಲ್ ಎಳೆದು ಕೊಳ್ಳುವವನ ಕೈಮೇಲೆ ಹೊದಿಸುತ್ತಾನೆ. ಟವೆಲ್ಲಿನಡಿ ಬೆರಳು ಅದುಮುತ್ತದೆ. ಮೇಲೆ ಮುಖದಲ್ಲಿ ಯಾವ ಸುಳಿವೂ ಇಲ್ಲ. ಕೊಳ್ಳುವವನು ತಲೆಯಾಡಿಸಿ ಕೈ ಕಿತ್ತುಕೊಳ್ಳುತ್ತಾನೆ. ದಲ್ಲಾಳಿ ಬಿಡುವುದಿಲ್ಲ, ಮತ್ತೆ ಕೈ ಹಿಡಿಯುತ್ತಾನೆ, ಈ ಸಲ ಒಂದು ಗೆಣ್ಣು ಕಡಿಮೆ. ಕಡಲಂಚಿನ ಮೆಣಸು, ಗಣಿಯ ವಜ್ರ, ದೊಡ್ಡಬಳ್ಳಾಪುರದ ಸೀಮೆಯ ಹೋರಿ ಮೂರಕ್ಕೂ ಒಂದೇ ಭಾಷೆ.

ಇಷ್ಟು ದೂರ ಬಂದ ಪದ ಕನ್ನಡದಲ್ಲಿ ಪಡೆದ ರೂಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದಿ, ಗುಜರಾತಿ, ಮರಾಠಿಗಳಲ್ಲಿ ಅರಬಿಯ ಲಕಾರದ ಒತ್ತು ಕರಗಿ ‘ದಲಾಲ್’ ಉಳಿಯಿತು. ಅಲ್ಲಿ ವ್ಯಕ್ತಿ ದಲಾಲ್, ಅವನ ಕೂಲಿ ದಲಾಲಿ. ಕನ್ನಡ ಒತ್ತನ್ನು ಉಳಿಸಿಕೊಂಡಿತು, ಮಲಯಾಳಂ ಕೂಡ ‘ದಲ್ಲಾಳ್’ ಎಂದು ಉಳಿಸಿಕೊಂಡಿದೆ. ಎರಡೂ ಅರಬರ ಹಡಗು ನೇರವಾಗಿ ತಂಗುತ್ತಿದ್ದ ಕರಾವಳಿಯ ಭಾಷೆಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಕೊನೆಯ ಲಕಾರ ಎರಡರಲ್ಲೂ ಳಕಾರವಾಯಿತು. ಮಲಯಾಳಿಗೆ ಅದರೊಳಗೆ ‘ಆಳ್’, ಅಂದರೆ ಮನುಷ್ಯ, ಕೇಳಿಸಿರಬೇಕು. ಕನ್ನಡಿಗರಿಗೆ ಕೇಳಿಸಿದ್ದು ‘-ಆಳಿ’ ಎಂಬ ನಮ್ಮದೇ ಪ್ರತ್ಯಯ ಎಂದು ನನ್ನ ಊಹೆ. ಮಾತು ಹೆಚ್ಚಿದವನು ಮಾತಾಳಿ, ಓದು ಹೆಚ್ಚಿದವನು ಓದಾಳಿ. ಅದೇ ಸಾಲಿನಲ್ಲಿ ದಲ್ಲಾಳಿಯೂ ಕೂತ. ಹಿಂದಿಯಲ್ಲಿ ಕೂಲಿಯ ಹೆಸರಾಗಿದ್ದ ರೂಪವೇ ಇಲ್ಲಿ ಮನುಷ್ಯನ ಹೆಸರಾಯಿತು. ಕೆಲವರ ಬಾಯಲ್ಲಿ ಮೊದಲ ಲಕಾರವೂ ತಿರುಗಿ ‘ದಳ್ಳಾಳಿ’ ಆಯಿತು. ತೆಲುಗಿನವರು ‘ದಳಾರಿ’ ಎಂದರು. ತಮಿಳು ಮಾತ್ರ ತನ್ನ ಹಳೆಯ ‘ತರಗರ್’ ಅನ್ನು ಬಿಟ್ಟುಕೊಡಲಿಲ್ಲ. ಕೇರಳದ ಸಿರಿಯನ್ ಕ್ರೈಸ್ತರ ‘ತರಕನ್’ ಎಂಬ ಮನೆತನದ ಹೆಸರಿನಲ್ಲಿರುವುದೂ ಆ ತರಗೇ.

ದಲ್ಲಾಳಿಯ ಮೇಲಿನ ಸಂಶಯ ಹೊಸದಲ್ಲ. ದಿಲ್ಲಿಯ ಅಲಾವುದ್ದೀನ್ ಖಲ್ಜಿ ಸೈನ್ಯಕ್ಕೆ ಅಗ್ಗದಲ್ಲಿ ಕುದುರೆ ಸಿಗಬೇಕೆಂದು ಬೆಲೆ ಕಟ್ಟಿದಾಗ ಮೊದಲು ಹಿಡಿದದ್ದು ಕುದುರೆ ಪೇಟೆಯ ದಲ್ಲಾಲರನ್ನು. ಅವರಿಗೆ ಕೊಟ್ಟ ಕಠಿಣ ಶಿಕ್ಷೆಯನ್ನು ಚರಿತ್ರೆಕಾರ ಬರನಿ ವಿವರಿಸುತ್ತಾನೆ. ಮುಂದೆ ಫಿರೋಜ್ ಷಾ ತುಘಲಕ್ ರದ್ದುಮಾಡಿದ ತೆರಿಗೆಗಳ ಪಟ್ಟಿಯಲ್ಲಿ ಪೇಟೆಯ ದಲಾಲಿಯ ಮೇಲಿನ ತೆರಿಗೆಯೂ ಸೇರಿದೆ. ತೆರಿಗೆ ಹಾಕುವಷ್ಟು ಆ ಕಸುಬು ಬೇರೂರಿತ್ತು ಎಂದಾಯಿತು.

ಪದ ಬೀದಿಯಾಗುವ ಕಥೆ ಶುರುವಾಗುವುದು ಸೂರತ್ತಿನಲ್ಲಿ. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದೊರೆಗಳು ಅಲ್ಲಿ ಕೋಠಿ ಹಾಕಿದಾಗ ಅವರಿಗೆ ಗುಜರಾತಿ ಬಾರದು, ನೇಕಾರರ ಊರು ಗೊತ್ತಿಲ್ಲ, ಮುಂಗಡ ಕೊಟ್ಟರೆ ಬಟ್ಟೆ ಬರುತ್ತದೆಂಬ ಭರವಸೆಯಿಲ್ಲ. ಎಲ್ಲವೂ ದಲಾಲನ ಮೂಲಕ. ಕಂಪನಿಯ ದಲಾಲ ಭೀಮ್‌ಜಿ ಪಾರೇಖ್ ಎಂಥವನೆಂದರೆ, ತನ್ನ ಧರ್ಮದ ಹಳೆಯ ಗ್ರಂಥಗಳನ್ನು ಅಚ್ಚು ಹಾಕಿಸಬೇಕೆಂದು ಕಂಪನಿಗೆ ಹೇಳಿ ಇಂಗ್ಲೆಂಡಿನಿಂದ ಮುದ್ರಕನನ್ನೇ ಕರೆಸಿದ. ಹೆನ್ರಿ ಹಿಲ್ಸ್ ಎಂಬ ಆ ಮುದ್ರಕ 1674ರಲ್ಲಿ ಮುಂಬೈಗೆ ಬಂದಿಳಿದ. ಪಾರ್ಸಿ ದಲಾಲ ರುಸ್ತುಂ ಮಾಣೆಕ್ ಸತ್ತ ಮೇಲೆ ಕಂಪನಿಯಿಂದ ಬರಬೇಕಾದ ಬಾಕಿಗಾಗಿ ಅವನ ಮಗ ನವರೋಜಿ 1720ರ ದಶಕದಲ್ಲಿ ಹಡಗು ಹತ್ತಿ ಲಂಡನ್ನಿಗೇ ಹೋಗಿ, ಕಂಪನಿಯ ನಿರ್ದೇಶಕರ ಮುಂದೆ ವಾದ ಹೂಡಿ ಗೆದ್ದುಬಂದ. ದಾರಿ ತೋರಿಸುವವನು ಯಜಮಾನನ ಊರಿನ ದಾರಿಯನ್ನೂ ಕಲಿತಿದ್ದ.

ಮುಂಬೈ ಆಗ ಏಳು ದ್ವೀಪಗಳ ಜೌಗು. ಪೋರ್ಚುಗಲ್ಲಿನ ರಾಜಕುಮಾರಿಯ ಮದುವೆಯ 1661ರ ಒಪ್ಪಂದದಂತೆ ಅದು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನ ಕೈಸೇರಿತು; 1668ರಲ್ಲಿ ಅವನು ಅದನ್ನು ವರ್ಷಕ್ಕೆ ಹತ್ತು ಪೌಂಡ್ ಗುತ್ತಿಗೆಗೆ ಕಂಪನಿಗೆ ಬಿಟ್ಟುಕೊಟ್ಟ. ಗವರ್ನರ್ ಜೆರಾಲ್ಡ್ ಆಂಜಿಯರ್ ವ್ಯಾಪಾರಿಗಳನ್ನು ಅಲ್ಲಿಗೆ ಸೆಳೆಯಲು ಧರ್ಮಕ್ಕೆ ಅಡ್ಡಿಯಿಲ್ಲ, ಮನೆಗೆ ಭಯವಿಲ್ಲ ಎಂಬ ಭರವಸೆಗಳನ್ನು ಕೊಟ್ಟ. ಸೂರತ್ತಿನ ವಾಣಿಯರು, ಪಾರ್ಸಿಗಳು, ಬೋಹ್ರಾಗಳು ಒಬ್ಬೊಬ್ಬರಾಗಿ ಬಂದರು. ಕೋಟೆಯೊಳಗೆ ಚರ್ಚಿನ ಮುಂದೆ ಒಂದು ಬಯಲು ಇತ್ತು, ಬಾಂಬೆ ಗ್ರೀನ್. ಹಡಗಿಗೆ ಕಾಯುತ್ತಿದ್ದ ಹತ್ತಿಯ ಅಂಡಿಗೆಗಳು ಅಲ್ಲಿ ಗುಡ್ಡದಂತೆ ಬೀಳುತ್ತಿದ್ದವು. ಅಂಡಿಗೆಯ ಬದಿ ಸೀಳಿ ಒಂದು ಹಿಡಿ ಅರಳೆ ಎಳೆದು, ಎಳೆ ಎಷ್ಟುದ್ದ, ಬೀಜದ ಚೂರು ಎಷ್ಟು, ಎಲೆಯ ಕಸ ಎಷ್ಟು ಎಂದು ಬೆಳಕಿಗೆ ಹಿಡಿದು ನೋಡಿ ದಲಾಲರು ಬೆಲೆ ಕುದುರಿಸುತ್ತಿದ್ದುದು ಅದೇ ಬಯಲಿನಲ್ಲಿ. 1844ರಲ್ಲಿ ಹತ್ತಿ ಪೇಟೆ ಕೊಲಾಬಾಕ್ಕೆ ಹೋಯಿತು. ದಲಾಲರು ಉಳಿದರು. ಬಯಲಿನ ಪಕ್ಕದಲ್ಲೇ ಟೌನ್ ಹಾಲ್ ಬಂದಿತ್ತು, 1840ರಲ್ಲಿ ಬ್ಯಾಂಕ್ ಆಫ್ ಬಾಂಬೆ ಹುಟ್ಟಿತ್ತು, ಇನ್ನೂ ಹತ್ತಾರು ಬ್ಯಾಂಕು, ವಿಮೆ, ಹಡಗು ಕಂಪನಿಗಳು ಸುತ್ತ ನೆರೆದಿದ್ದವು. 1850ರ ದಶಕದಲ್ಲಿ ಟೌನ್ ಹಾಲಿನೆದುರಿನ ಆಲದ ಮರಗಳಡಿ ನಿಂತು ಬೆರಳೆಣಿಕೆಯ ದಲಾಲರು ಹತ್ತಿಯ ಬದಲು ಕಾಗದ ಕೊಂಡು ಮಾರತೊಡಗಿದರು. ಬ್ಯಾಂಕಿನ ಪಾಲುಪತ್ರ, ಕಂಪನಿಯ ಸಾಲಪತ್ರ.

ಇಲ್ಲಿ ನಡೆದದ್ದು ದೊಡ್ಡ ಬದಲಾವಣೆ, ಆದರೆ ದಲಾಲನಿಗೆ ಅದು ದೊಡ್ಡದೆನಿಸಿರಲಾರದು. ಮುಂದೆ ಬರುವ ಹಡಗಿಗೆ ಇನ್ನೂ ಗಿಡದಲ್ಲೇ ಇರುವ ಹತ್ತಿಯನ್ನು ಇಂದೇ ಬೆಲೆ ಕಟ್ಟಿ ವಾಯಿದೆಗೆ ಮಾರುವುದು ಅವನಿಗೆ ರೂಢಿಯಾಗಿತ್ತು. ಕಣ್ಣಿಗೆ ಕಾಣದ ಹತ್ತಿಗೆ ಬೆಲೆ ಹೇಳಬಲ್ಲವನು ಕಣ್ಣಿಗೆ ಕಾಣದ ಕಂಪನಿಗೂ ಬೆಲೆ ಹೇಳಬಲ್ಲ. ಬಂದರಿನ ಪೇಟೆಯಿಂದ ಹಣಕಾಸು ಪೇಟೆ ಹುಟ್ಟುವುದು ಹೀಗೆ: ಸರಕು ದಕ್ಕೆಗೆ, ವಖಾರಿಗೆ ಹೋಗುತ್ತದೆ, ಬೆಲೆಯ ಮಾತು ಮಾತ್ರ ಹಳೆಯ ಜಾಗದಲ್ಲೇ ಉಳಿದು ಬೇರೂರುತ್ತದೆ.

ಆ ಹತ್ತಿಯಲ್ಲಿ ನಮ್ಮದೂ ಇತ್ತು. 1840ರ ದಶಕದಲ್ಲಿ ಧಾರವಾಡ, ಹುಬ್ಬಳ್ಳಿಯ ಎರೆಹೊಲಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿದ್ದರು. ಅದಕ್ಕೂ ಮೊದಲಿನಿಂದ ಇದ್ದ ದೇಸಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಪಡಾವುಗಳಲ್ಲಿ ಮುಂಬೈಗೆ ಹೋಗುತ್ತಿತ್ತು. ಹೀಗಾಗಿ ಲಿವರ್‌ಪೂಲಿನ ಬೆಲೆಪಟ್ಟಿಗಳಲ್ಲಿ ‘ಕುಮಟಾ’ ಒಂದು ಹತ್ತಿಯ ತಳಿಯ ಹೆಸರಾಗಿ ಅಚ್ಚಾಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಹಡಗು ಹತ್ತಿದ ಊರಿನದು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದ ಹಿಂದೆ ಇದ್ದದ್ದೂ ಈ ಹತ್ತಿ ಮತ್ತು ಕಾರವಾರದ ಬಂದರು. ಕರ್ನಾಟಕ ಏಕೀಕರಣದ ಕಥೆ ಹೇಳುವವರು ಹಂಚಿಹೋದ ಕನ್ನಡನಾಡಿನ ಒಂದು ಗಡಿಯನ್ನು ಹತ್ತಿ ವ್ಯಾಪಾರ ಬರೆಯಿತೆಂಬುದನ್ನು ಇನ್ನಷ್ಟು ಒತ್ತಿ ಹೇಳಬೇಕು ಎನಿಸುತ್ತದೆ. ಮಣ್ಣು, ಬೀಜ, ನೀರು ಬೆರೆಸಿ ಅಂಡಿಗೆಯ ತೂಕ ಹೆಚ್ಚಿಸುವ ಮೋಸ ಆಗ ಎಷ್ಟು ಹಬ್ಬಿತ್ತೆಂದರೆ, 1863ರಲ್ಲಿ ಮುಂಬೈ ಸರ್ಕಾರ ಅದಕ್ಕೆಂದೇ ಒಂದು ಕಾಯಿದೆ ತಂದಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ. 1861ರಿಂದ ಅಲ್ಲಿನ ಹತ್ತಿ ನಿಂತುಹೋಗಿ ಲಂಕಾಷೈರಿನ ಗಿರಣಿಗಳು ಮುಂಬೈಯತ್ತ ಮುಖಮಾಡಿದವು. ಕಂಡರಿಯದಷ್ಟು ಬೆಳ್ಳಿ ಊರಿಗೆ ಹರಿದುಬಂತು. ಕೋಟೆಯ ಗೋಡೆಗಳನ್ನು ಕೆಡವಿದರು, ಹಳೆಯ ಹತ್ತಿಯ ಬಯಲಿನ ಸುತ್ತ ಎಲ್ಫಿನ್‌ಸ್ಟನ್ ಸರ್ಕಲ್ ಎದ್ದಿತು. ಇಂದಿನ ಹಾರ್ನಿಮನ್ ಸರ್ಕಲ್ ಅದೇ. ಕಡಲನ್ನು ತುಂಬಿ ನೆಲ ಮಾಡುವ ಕಂಪನಿಗಳು ದಿನಕ್ಕೊಂದು ಹುಟ್ಟಿದವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿ ಕಟ್ಟಿದ ಒಂದು ಷೇರಿಗೆ 50,000 ರೂಪಾಯಿಯವರೆಗೂ ಬೆಲೆ ಏರಿತು. ಈ ಹುಚ್ಚಿನ ನಡುವೆ ನಿಂತಿದ್ದವನು ಪ್ರೇಮಚಂದ್ ರಾಯಚಂದ್, ಸೂರತ್ತಿನಲ್ಲಿ 1831ರಲ್ಲಿ ಹುಟ್ಟಿದ ಜೈನ, ಇಂಗ್ಲಿಷ್ ಓದಿ ಬರೆಯಬಲ್ಲ ಮೊದಲ ದಲಾಲ ಎಂದು ಹೆಸರಾದವನು. ಅವನ ಮಾತಿನ ಮೇಲೆ ಬ್ಯಾಂಕುಗಳು ಸಾಲ ಕೊಟ್ಟವು, ಅವನ ಚೀಟಿ ಇದ್ದರೆ ಹೊಸ ಕಂಪನಿಯ ಷೇರು ಸಿಕ್ಕಿತು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂತು, ಹತ್ತಿ ಬಿತ್ತು. ಜುಲೈ 1 ವಾಯಿದೆ ವ್ಯವಹಾರಗಳನ್ನು ಚುಕ್ತಾ ಮಾಡಬೇಕಾದ ದಿನ. ಕೊಡಬೇಕಾದವರ ಕೈಯಲ್ಲಿ ಕಾಗದ ಬಿಟ್ಟು ಏನೂ ಇರಲಿಲ್ಲ. ಬ್ಯಾಂಕ್ ಆಫ್ ಬಾಂಬೆಯೂ ಮುಳುಗಿ 1868ರಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಮುಂಬೈ ವಿಶ್ವವಿದ್ಯಾಲಯದ ಅಂಗಳದಲ್ಲಿ ಇಂದಿಗೂ ನಿಂತಿರುವ ರಾಜಾಬಾಯಿ ಗೋಪುರ ಪ್ರೇಮಚಂದ್ ಕೊಟ್ಟ 2 ಲಕ್ಷ ರೂಪಾಯಿಯ ದತ್ತಿಯಿಂದ ಎದ್ದದ್ದು, ಹೆಸರು ಅವನ ತಾಯಿಯದು.

ಈ ಪದದ ಬಾಳಿನ ತಿರುವು ನನ್ನ ಕಣ್ಣಿಗೆ ಕಾಣುವುದು ಇಲ್ಲೇ. ಏಡನ್ನಿನವನನ್ನು ಸೆಟ್ಟಿಯ ಬಾಗಿಲಿಗೆ ಕರೆದೊಯ್ದ ದಲ್ಲಾಲನಿಗೆ ಬೆಲೆ ಏರಿದರೂ ಇಳಿದರೂ ಸಮ. ವ್ಯವಹಾರ ಕುದುರಿದರೆ ಅವನ ಪಾಲು ಅವನಿಗೆ. ಆ ನಿರ್ಲಿಪ್ತತೆಯೇ ಅವನ ಮಾತಿಗೆ ಬೆಲೆ ತಂದಿತ್ತು. ಪ್ರೇಮಚಂದನ ಕಾಲಕ್ಕೆ ದಾರಿ ತೋರಿಸುವವನು ದಾರಿಯ ಕೊನೆಯಲ್ಲಿ ತನ್ನದೇ ಸರಕು ಇಟ್ಟುಕೊಂಡಿದ್ದ. ಇವನು ಕೊಳ್ಳು ಎಂದಾಗ ಅದು ತಿಳಿದವನ ಸಲಹೆಯೋ ಮಾರುವವನ ಕೂಗೋ ಎಂದು ಕೇಳುವವನಿಗೆ ಗೊತ್ತಾಗುವ ಬಗೆಯಿಲ್ಲ. ಪದಕ್ಕೆ ಕೆಟ್ಟ ಹೆಸರು ಬಂದದ್ದು ಮಧ್ಯಸ್ಥಿಕೆಯಿಂದಲ್ಲ, ಮಧ್ಯಸ್ಥಿಕೆ ಬಿಟ್ಟದ್ದರಿಂದ.

ಪೆಟ್ಟು ತಿಂದ ದಲಾಲರು ಚದುರಿಹೋಗಲಿಲ್ಲ. ಮರದಡಿಯಿಂದ ಮೆಡೋಸ್ ಸ್ಟ್ರೀಟಿಗೆ, ಅಲ್ಲಿಂದ ಮುಂದಕ್ಕೆ ಸರಿಯುತ್ತ 1874ರಲ್ಲಿ ಹಳೆಯ ಕೋಟೆಯ ಪ್ರದೇಶವಾದ ಫೋರ್ಟಿನ ಒಂದು ಸಣ್ಣ ಓಣಿಯಲ್ಲಿ ಕಾಯಂ ಜಾಗ ಕಂಡುಕೊಂಡರು. ಓಣಿಗೆ ದಲಾಲ್ ಸ್ಟ್ರೀಟ್ ಎಂಬ ಹೆಸರು ಬಿದ್ದದ್ದು ಅವರಿಂದ. 1875ರ ಜುಲೈ 9ರಂದು 318 ಮಂದಿ ಒಂದು ರೂಪಾಯಿ ಪ್ರವೇಶ ಶುಲ್ಕ ಕಟ್ಟಿ ಸಂಘ ಕಟ್ಟಿಕೊಂಡರು. ಏಷ್ಯಾದ ಅತಿ ಹಳೆಯ ಷೇರುಪೇಟೆ ಅದೇ. ಆ ಹೊತ್ತಿಗೆ ದಲಾಲ್ ಎಂಬುದು ಗುಜರಾತಿ, ಪಾರ್ಸಿ ಮನೆತನಗಳ ಅಡ್ಡಹೆಸರೂ ಆಗಿತ್ತು, ತಲೆ ಎತ್ತಿ ಹೇಳಿಕೊಳ್ಳುವ ಹೆಸರು. ಉದ್ಯಮಿಗಳು ದೇಶದ ಆರ್ಥಿಕತೆಗೆಂದು ರೂಪಿಸಿದ 1944ರ ಬಾಂಬೆ ಯೋಜನೆಗೆ ಸಹಿ ಹಾಕಿದವರಲ್ಲಿ ಸರ್ ಆರ್ದೇಶಿರ್ ದಲಾಲ್ ಒಬ್ಬರು. ಇಂದು ಆ ಓಣಿಯಲ್ಲಿರುವುದು 29 ಮಹಡಿಗಳ ಫಿರೋಜ್ ಜೀಜೀಭಾಯ್ ಟವರ್ಸ್. ಅದರ ನೆರಳಿನ ಫೋರ್ಟ್ ಓಣಿಗಳಲ್ಲೇ ನಮ್ಮ ಕರಾವಳಿಯ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಅದೇ ಬ್ಯಾಂಕುಗಳಲ್ಲಿ ಗುಮಾಸ್ತರಾದರು. ಆ ಕಥೆಗೆ ಇನ್ನೊಂದು ಲೇಖನವೇ ಬೇಕು.

1992ರಲ್ಲಿ ಹರ್ಷದ್ ಮೆಹ್ತಾ ಮಾಡಿದ್ದು 1865ರ ತಪ್ಪಿನ ಮರುಹುಟ್ಟು. ಎರಡು ಬ್ಯಾಂಕುಗಳ ನಡುವೆ ಸರ್ಕಾರಿ ಸಾಲಪತ್ರಗಳ ವ್ಯವಹಾರ ಕುದುರಿಸಬೇಕಾದ ದಲಾಲ, ದಾರಿಯಲ್ಲಿ ತನ್ನ ಕೈ ಹಾಯುತ್ತಿದ್ದ ಹಣವನ್ನು ತನ್ನ ಖಾತೆಗೆ ತಿರುಗಿಸಿಕೊಂಡು ಷೇರು ಕೊಂಡ. ಅದನ್ನು ಆ ವರ್ಷದ ಏಪ್ರಿಲ್‌ನಲ್ಲಿ ಬಯಲಿಗೆಳೆದ ಪತ್ರಕರ್ತೆ ಸುಚೇತಾ ದಲಾಲ್. ಅವರು ಓದಿದ್ದು ಬೆಳಗಾವಿಯಲ್ಲಿ, ಆಮೇಲೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಸಂಖ್ಯಾಶಾಸ್ತ್ರ. ದಲಾಲ್ ಸ್ಟ್ರೀಟಿನ ಮೋಸಕ್ಕೆ ಸಾಕ್ಷ್ಯ ಒದಗಿಸಿದವರ ಹೆಸರೂ ದಲಾಲ್ ಎಂಬಲ್ಲಿ ಧಾತುವಿನ ಎರಡು ಕವಲು, ದಲೀಲ್ ಮತ್ತು ದಲ್ಲಾಲ್, ಮತ್ತೆ ಕೂಡಿದಂತೆ ನನಗೆ ಕಾಣುತ್ತದೆ.

ಮಿಕ್ಕ ಕಡೆ ಪದ ಇಳಿಜಾರಿನಲ್ಲೇ ಇತ್ತು. ಹಿಂದಿಯಲ್ಲಿ ತಲೆಹಿಡುಕನಿಗೂ ಅದೇ ಹೆಸರಾಯಿತು. ಬಾಂಗ್ಲಾದೇಶದಲ್ಲಿ 1971ರ ಯುದ್ಧದಲ್ಲಿ ಪಾಕಿಸ್ತಾನಿ ಸೇನೆಯೊಡನೆ ಕೈಜೋಡಿಸಿದವರನ್ನು ಶಿಕ್ಷಿಸಲು 1972ರಲ್ಲಿ ತಂದ ಕಾನೂನಿಗೆ ಜನ ಇಟ್ಟ ಹೆಸರು ‘ದಲಾಲ್ ಆಯಿನ್’. ಅಲ್ಲಿ ದಲಾಲ್ ಎಂದರೆ ದೇಶದ್ರೋಹಿ. ಕನ್ನಡದಲ್ಲಿ ಗೌರವ ಬೇಕಾದಾಗ ಸಂಸ್ಕೃತದ ‘ಮಧ್ಯವರ್ತಿ’, ನಗರದ ನಿವೇಶನದ ವ್ಯವಹಾರಕ್ಕೆ ಇಂಗ್ಲಿಷಿನ ‘ಬ್ರೋಕರ್’, ಕೃಷಿ ಮಾರುಕಟ್ಟೆಯ ಪರವಾನಗಿಯಲ್ಲಿ ‘ಕಮಿಷನ್ ಏಜೆಂಟ್’. ಬೈಗುಳಕ್ಕೆ ಮಾತ್ರ ದಲ್ಲಾಳಿ. ಆದರೂ ಹುಬ್ಬಳ್ಳಿ, ಗದಗ, ರಾಯಚೂರು ಕಡೆಯ ರೈತ ‘ನಮ್ಮ ದಲಾಲಿ ಅಂಗಡಿ’ ಎನ್ನುವಾಗ ಆ ‘ನಮ್ಮ’ದಲ್ಲಿ ಇನ್ನೂ ಹಳೆಯ ಅರ್ಥದ ಉಸಿರಿದೆ. ಬಿತ್ತನೆಗೆ ಮುಂಗಡ ಕೊಡುವವನು, ಮಗಳ ಮದುವೆಗೆ ನೆರವಾಗುವವನು, ಮಾಲು ತಂದ ರಾತ್ರಿ ಅಂಗಡಿಯ ಕಟ್ಟೆಯ ಮೇಲೆ ಮಲಗಲು ಜಾಗ ಕೊಡುವವನು ಅವನೇ. ಬಡ್ಡಿಯನ್ನೂ ತೂಕವನ್ನೂ ಅವನೇ ಹಿಡಿದಿರುತ್ತಾನೆ ಎಂಬುದೂ ಅಷ್ಟೇ ನಿಜ. ಅವನನ್ನು ಬೈಯುವ ಪತ್ರಿಕೆಗಳು ಆ ಮುಂಗಡವನ್ನು ಬೇರೆ ಯಾರು ಕೊಡಬೇಕೆಂಬ ಪ್ರಶ್ನೆಯನ್ನು ಕೈಬಿಡುತ್ತವೆ. ಇದು ನನ್ನ ದೂರು.

ದಲಾಲ್ ಸ್ಟ್ರೀಟಿನಲ್ಲಿ ದಲಾಲರು ಈಗ ನೆರೆಯುವುದಿಲ್ಲ. 1994ರಲ್ಲಿ ರಾಷ್ಟ್ರೀಯ ಷೇರುಪೇಟೆ ಪರದೆಯ ಮೇಲೆ ವ್ಯವಹಾರ ಶುರುಮಾಡಿತು, ಮರುವರ್ಷ ದಲಾಲ್ ಸ್ಟ್ರೀಟಿನ ಕೂಗೂ ಬೆರಳ ಸನ್ನೆಯೂ ನಿಂತು ಗಣಕಯಂತ್ರ ಬಂತು. ಹಣಕಾಸು ಸಂಸ್ಥೆಗಳು ಒಂದೊಂದಾಗಿ ಬಂದರಿನ ಮಗ್ಗುಲಿನ ಫೋರ್ಟ್ ಬಿಟ್ಟು ಬಾಂದ್ರಾ-ಕುರ್ಲಾದ ಕಡೆ ನಡೆದವು. ದೇಶದ ಅತಿ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲಿ ಒಂದಾದ ಜೆರೋಧಾ 2010ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಕಡಲಿನ ಗಾಳಿಯೇ ಸೋಕದ ಊರಿನಲ್ಲಿ. ಅದರ ಆ್ಯಪ್ ಕೊಳ್ಳುವ ಗುಂಡಿ, ಮಾರುವ ಗುಂಡಿ ಎರಡನ್ನೂ ಕೊಡುತ್ತದೆ, ಯಾವುದನ್ನು ಒತ್ತು ಎಂದು ಹೇಳುವುದಿಲ್ಲ. ವ್ಯವಹಾರ ಮುಗಿಸಿಕೊಡುವ ಕೆಲಸವೂ ದಾರಿ ತೋರಿಸುವ ಕೆಲಸವೂ ಸಾವಿರ ವರ್ಷ ಒಬ್ಬನೇ ಮನುಷ್ಯನಲ್ಲಿದ್ದವು, ಈಗ ಬೇರೆಯಾಗಿವೆ. ಮೊದಲನೆಯದನ್ನು ಯಂತ್ರ ಮಾಡುತ್ತದೆ. ಎರಡನೆಯದು ಟೆಲಿಗ್ರಾಂ ಗುಂಪುಗಳಿಗೆ, ಯೂಟ್ಯೂಬಿನ ಪಂಡಿತರಿಗೆ ಹೋಗಿದೆ. ನೋಂದಣಿಯಿಲ್ಲದೆ ಸಲಹೆ ಮಾರುವವರ ಹಿಂದೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಬಿದ್ದಿದೆ. ಅವರಲ್ಲಿ ಎಷ್ಟೋ ಜನ ತಾವು ಕೊಂಡಿಟ್ಟ ಷೇರನ್ನೇ ಕೊಳ್ಳಿರೆಂದು ಹೇಳುವವರು. ಅರಬಿಯ ಧಾತುವಿನ ಪ್ರಕಾರ ದಲ್ಲಾಲ್ ಎನಿಸಿಕೊಳ್ಳಬೇಕಾದವರು ಅವರೇ. ಕನ್ನಡದಲ್ಲಿ ಅವರಿಗೆ ಇನ್ನೂ ಹೆಸರು ಬಿದ್ದಿಲ್ಲ.